ಕುದಿಯುವುದು, ಬೇಯುವುದು

ಎಲ್ ಆಲ್ಟೊದಲ್ಲಿ ನೀರು ಬೇಗ ಕುದಿಯುತ್ತದೆ.
ಇಟ್ಟು ತಿರುಗುವಷ್ಟರಲ್ಲಿ ಕೊತಕೊತ, ಗುಳ್ಳೆ, ಹಬೆ, ಆರ್ಭಟ;
ಒಳಗಿನ ಕಾಳು ಮಾತ್ರ ಕಲ್ಲು.
ಬೆಟ್ಟದ ನೆತ್ತಿಯ ಊರು, ಗಾಳಿ ತೆಳು,
ಎಂಬತ್ತೇಳು ಡಿಗ್ರಿಗೇ ನೀರಿಗೆ ತಾಳ್ಮೆ ತಪ್ಪುತ್ತದೆ.
‘ನನ್ನ ಮಗನ ಸಿಟ್ಟಿನ ಹಾಗೆ’ ಅನ್ನುತ್ತಾಳೆ ಮುದುಕಿ ಪೆತ್ರೋನ,
‘ಉಕ್ಕುವುದೇನೋ ಉಕ್ಕುತ್ತದೆ, ಒಂದು ಬೇಳೆಯೂ ಬೇಯುವುದಿಲ್ಲ.’
ಮಗ ಲದಿಸ್ಲಾವೊ ಮಿನಿಬಸ್ಸಿನವನು.
ಬಾಗಿಲಲ್ಲಿ ಷೂ ಬಿಚ್ಚುತ್ತ, ಕೇಳಿಯೂ ಕೇಳದವನಂತೆ.

ಕರೆಂಟಿನ ಕುಕ್ಕರು ತಂದವಳು ಸೊಸೆ ಬಸೀಲಿಯ.
ಚಿಲಿಯ ಬಂದರಿನಿಂದ ಕಂಬಳಿ ಮೂಟೆಯೊಳಗೆ ಅಡಗಿ
ಗಡಿ ದಾಟಿ ಬಂದದ್ದು.
ಗುರುವಾರದ ಸಂತೆಯಲ್ಲಿ ಎರಡು ಸಲ ಬೇಡವೆಂದು ಎದ್ದು ಹೋಗಿ
ಮೂರನೆಯ ಸಲ ಕೊಂಡದ್ದು.
ಮೈತುಂಬ ಗುಂಡಿ: ಮೊಸರಿಗೊಂದು, ಕೇಕಿಗೊಂದು,
ಯಾತಕ್ಕೆಂದು ಯಾರಿಗೂ ತಿಳಿಯದ್ದು ಒಂದು.
ಜೊತೆಗಿದ್ದ ಪುಸ್ತಕದಲ್ಲಿ ಎಲ್ಲವೂ ಸಮುದ್ರಮಟ್ಟದ ಲೆಕ್ಕ,
ಕಾಳಿಗೆ ಇಷ್ಟು ನಿಮಿಷ, ಮಾಂಸಕ್ಕೆ ಇಷ್ಟು.
ಸಮುದ್ರವನ್ನು ಯುದ್ಧದಲ್ಲಿ ಕಳಕೊಂಡ ದೇಶ ಇದು.
ಬಸೀಲಿಯ ನಕ್ಕು, ಪೆನ್ಸಿಲು ಹುಡುಕಿ,
ಪ್ರತಿ ಅಂಕಿಗೂ ಅದರ ಅರ್ಧ ಸೇರಿಸಿ ಬರೆದಳು.

ಮುದುಕಿಗೆ ಹಿಡಿಸಲಿಲ್ಲ.
ಐವತ್ತು ವರ್ಷ ಮೆಕ್ಕೆಜೋಳವನ್ನು ರಾತ್ರಿಯಿಡೀ ಬೇಯಿಸಿದವಳು.
ನಡುವೆ ಎದ್ದು ನೀರು ಸುರಿದವಳು.
ಹಾಗೆ ಎದ್ದಾಗಲೇ ಒಮ್ಮೆ ಮಗುವಿನ ಹಣೆ ಸುಡುತ್ತಿದೆಯೆಂದು,
ಇನ್ನೊಮ್ಮೆ ಗಂಡನ ಮಗ್ಗುಲು ತಣ್ಣಗಿದೆಯೆಂದು
ತಿಳಿದವಳು.
‘ಎಬ್ಬಿಸದ ಪಾತ್ರೆ ಎಂಥ ಪಾತ್ರೆ?’
ಮಹಡಿಯ ಬಾಡಿಗೆಯವಳು ನಾನು. ಕೂಗು ಎಣಿಸಿ ಬೆಳೆದವಳು.
ಮೂರು ಕೂಗಿಗೆ ಅನ್ನ, ಐದಕ್ಕೆ ಕಡಲೆ.
ಇದು ಕೂಗದು. ನನಗೂ ಒಳಗೊಳಗೇ ಅನುಮಾನ.

ಆ ಸಂಜೆ ಚೈರೋ ಸಾರು.
ನೆನೆದ ಜೋಳ, ಕುರಿಯ ಪಕ್ಕೆಲುಬು,
ಇಬ್ಬನಿಗೆ ಹೆಪ್ಪುಗಟ್ಟಿಸಿ, ತುಳಿದು, ಬಿಸಿಲಿಗೆ ಒಣಗಿಸಿದ
ಕರಿ ಆಲೂಗಡ್ಡೆ. ತುಳಿದದ್ದು ಅವಳದೇ ಕಾಲು,
ಹೋದ ಜೂನಿನಲ್ಲಿ, ತಂಗಿಯ ಹಳ್ಳಿಯಲ್ಲಿ.
ಮುಚ್ಚಳ ತಿರುಗಿತು. ಪುಟ್ಟದೊಂದು ಲೋಹದ ಮೊಳೆ ಎದ್ದು ನಿಂತಿತು.
ಆಮೇಲೆ ಸದ್ದಿಲ್ಲ.
ಮುದುಕಿ ಟೋಪಿ ತೆಗೆಯದೆ, ಶಾಲು ಬಿಗಿದು,
ಅದರೆದುರು ಕುರ್ಚಿ ಎಳೆದು ಕೂತಳು,
ಹೆಣ್ಣು ಕೇಳಲು ಬಂದವರನ್ನು ನೋಡುವ ಹಾಗೆ.

ಇಪ್ಪತ್ತೆಂಟು ನಿಮಿಷ ಉಳಿದಿದ್ದಾಗ ಕರೆಂಟು ಹೋಯಿತು.
ಹಸಿರು ಅಂಕಿ ಆರಿತು, ಬೀದಿ ಆರಿತು.
ಲದಿಸ್ಲಾವೊ ಕುದಿದ: ಸರಕಾರ, ಕಂಪನಿ, ಚಿಲಿ, ಹೆಂಡತಿ,
ಎಲ್ಲ ಒಂದೇ ಉಸಿರಲ್ಲಿ. ಮುಚ್ಚಳಕ್ಕೆ ಕೈ ಹಾಕಿದ.
ಮಣಿಕಟ್ಟಿನ ಮೇಲೆ ಫಟ್ಟೆಂದು ಏಟು.
‘ಬೇಯುವ ತನಕ ಇದ್ದವನಿಗೆ ಆರುವ ತನಕ ಇರಲಾಗದೇನೋ?’
ಅಯ್ಮಾರದಲ್ಲಿ ಅವಳು ಹೇಗೆ ಅಂದಳೋ,
ನನಗೆ ಕೇಳಿಸಿದ್ದು ಹೀಗೆ.

ಕತ್ತಲಲ್ಲಿ ಅವಳು ಪಾತ್ರೆಗೆ ಅಂಗೈ ಹಚ್ಚಿದಳು.
‘ಒಳಗೆ ಇನ್ನೂ ನಡೆದಿದೆ.’
ಬತ್ತಿ ಹುಡುಕಲು ಯಾರೂ ಏಳಲಿಲ್ಲ.
ಎಷ್ಟು ಹೊತ್ತೋ. ಮಗ ಗೋಡೆಗೊರಗಿ ಗೊರಕೆ ಹೊಡೆದ.
ಆಮೇಲೆ, ಕರೆಂಟಿದ್ದಿದ್ದರೆ ಯಾರಿಗೂ ಕೇಳಿಸದಷ್ಟು ಸಣ್ಣಗೆ,
‘ಟಿಕ್.’
ಮೊಳೆ ಇಳಿಯಿತು.

ಜೋಳ ಅರಳಿತ್ತು.
ಒಂದು ಕಾಳನ್ನು ಉಳಿದ ಮೂರು ಹಲ್ಲಿನ ನಡುವೆ ಇಟ್ಟು,
ಬಹಳ ಹೊತ್ತು ಯೋಚಿಸಿ,
‘ಉಪ್ಪು ಸಾಲದು’ ಅಂದಳು.

ಈಗ ವಾರಕ್ಕೆ ನಾಲ್ಕು ಸಲ ಅದರಲ್ಲೇ ಅಡಿಗೆ.
ಗುಂಡಿ ಒತ್ತುವವಳು ಅವಳೇ, ಬೇರೆಯವರು ಮುಟ್ಟುವಂತಿಲ್ಲ.
ಆದರೂ ರಾತ್ರಿ ಎರಡಕ್ಕೆ ಕೆಳಗೆ ಹೆಜ್ಜೆ ಸಪ್ಪಳ.
ನೀರು ಸುರಿಯಲು ಎದ್ದವಳು
ತೊಳೆದು ಕವುಚಿಟ್ಟ ಪಾತ್ರೆಯ ಮುಂದೆ ನಿಂತು,
ಮೊಮ್ಮಕ್ಕಳ ಹಣೆ ಒಂದೊಂದಾಗಿ ಮುಟ್ಟಿ,
ಮಗನದನ್ನೂ ಮುಟ್ಟಿ,
ಹೋಗಿ ಮಲಗುತ್ತಾಳೆ.